ತಂಗಿಯ ಕೈ ಸೇರಿದ ಪ್ರೋಬ್

ಬೆಳಿಗ್ಗೆ ಹತ್ತೂವರೆಗೆ ಕಾಲೇಜಿನ ಮೇಷ್ಟ್ರು ಫೋನ್ ಮಾಡಿದಾಗ ನಾನು ಕೂದಲಿನಷ್ಟು ತೆಳ್ಳಗಿನ ಟಂಗ್‌ಸ್ಟನ್ ತಂತಿಯನ್ನು ಪಿಂಗಾಣಿ ಕೊಳವೆಯೊಳಗೆ ತೂರಿಸುತ್ತಿದ್ದೆ. ಆ ಹೊತ್ತಿನಲ್ಲಿ ಯಾರಾದರೂ ಕರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರಡು ಸಲ ಬಡಿದುಕೊಳ್ಳಲಿ ಎಂದು ಬಿಟ್ಟು ಮೂರನೆಯ ಸಲ ಎತ್ತಿದೆ.

“ಏನಮ್ಮಾ, ನಿಮ್ಮ ಕೈಯಲ್ಲೂ ತಪ್ಪಾಗತ್ತೆ ಅಂತ ಇವತ್ತು ಗೊತ್ತಾಯ್ತು,” ಎಂದು ಮೇಷ್ಟ್ರು ನಕ್ಕರು. “ನೀವು ಕಳಿಸಿದ ಪ್ರೋಬಿನ ಹೊರಗಿನ ನಳಿಗೆ ಅರ್ತ್ ಆಗಿದೆ. ನಾನು ಕೇಳಿದ್ದು ಅರ್ತ್ ಇಲ್ಲದ್ದು. ಗಾಬರಿ ಏನಿಲ್ಲ ಬಿಡಿ, ನಮಗೆ ಅಳತೆ ಸ್ವಲ್ಪ ಕೆಡತ್ತೆ ಅಷ್ಟೆ.”

“ಸಾಧ್ಯಾನೇ ಇಲ್ಲ. ಮೀಟರ್ ನೆಟ್ಟಗೆ ಹಿಡಿದ್ರಾ?”

“ಮೂರು ಸಲ ಹಿಡಿದೆ ತಾಯೀ.”

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೊಳೆಯಿತು. ಅರ್ತ್ ಇರುವ ಪ್ರೋಬ್ ಮೇಷ್ಟ್ರ ಹತ್ತಿರ ಹೋಗಿದ್ದರೆ, ಅರ್ತ್ ಇಲ್ಲದ್ದು ನನ್ನ ತಂಗಿಯ ಹತ್ತಿರ ಹೋಗಿದೆ.

ನನ್ನ ಕೆಲಸ ಇಷ್ಟೇ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅನಿಲಕ್ಕೆ ವಿದ್ಯುತ್ ಕೊಟ್ಟರೆ ಅದು ನೇರಳೆ ಬಣ್ಣಕ್ಕೆ ಹೊಳೆಯುತ್ತದೆ. ಅದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಅದು ಎಷ್ಟು ಬಿಸಿ, ಎಷ್ಟು ದಟ್ಟ ಎಂದು ಅಳೆಯಲು ಅದರೊಳಗೆ ಒಂದು ಉದ್ದನೆಯ ಕಡ್ಡಿ ತೂರಿಸಬೇಕು. ಆ ಕಡ್ಡಿಯೇ ಪ್ರೋಬ್. ಅಂಗಡಿಯಲ್ಲಿ ಸಿಗುವ ಪ್ರೋಬು ಎಲ್ಲರಿಗೂ ಹೊಂದುವುದಿಲ್ಲ, ಅವರವರ ಪೆಟ್ಟಿಗೆಗೆ ತಕ್ಕ ಹಾಗೆ ನಾನು ಮಾಡಿಕೊಡುತ್ತೇನೆ. ಮೇಷ್ಟ್ರ ಪೆಟ್ಟಿಗೆ ಪುಟ್ಟದು, ಅಲ್ಲಿ ಪ್ರೋಬನ್ನು ಮೋಟಾರು ತಳ್ಳುತ್ತದೆ, ಯಾರೂ ಮುಟ್ಟುವುದಿಲ್ಲ. ನನ್ನ ತಂಗಿ ಇರುವುದು ಗೇರು ಚಕ್ರಗಳ ಮೈ ಗಟ್ಟಿಮಾಡುವ ಕಾರ್ಖಾನೆಯಲ್ಲಿ. ಅಲ್ಲಿನ ಕುಲುಮೆಯೊಳಗೆ ಗೇರುಗಳ ಮೈಮೇಲೆ ಏಳು ನೂರು ವೋಲ್ಟ್. ಎರಡು ಕುಲುಮೆಗಳ ನಡುವೆ ಮೋಟಾರು ಕೂರಿಸಲು ಜಾಗವಿಲ್ಲ. ಅವಳು ಪ್ರೋಬಿನ ಹಿಡಿಯನ್ನು ಕೈಯಲ್ಲಿ ಹಿಡಿದು, ಬೆರಳಗಲ ಬೆರಳಗಲವಾಗಿ ಒಳಗೆ ತಳ್ಳುತ್ತಾಳೆ. ನಳಿಗೆ ಅರ್ತ್ ಆಗಿದ್ದರೆ ಏನೂ ಇಲ್ಲ, ವಿದ್ಯುತ್ ನೆಲಕ್ಕೆ ಇಳಿದುಹೋಗುತ್ತದೆ. ಆಗಿಲ್ಲದಿದ್ದರೆ, ಒಳಗೆ ಅದರ ತುದಿ ಒಂದು ಗೇರಿಗೆ ತಾಗಿದರೆ ಸಾಕು, ಏಳು ನೂರು ವೋಲ್ಟ್ ನೇರವಾಗಿ ಅವಳ ಕೈಗೆ ಬರುತ್ತದೆ.

ಮೇಷ್ಟ್ರು ಇನ್ನೂ ಏನೋ ಹೇಳುತ್ತಿದ್ದರು. ಫೋನ್ ಇಟ್ಟುಬಿಟ್ಟೆ.

ಎಲ್ಲಿ ತಪ್ಪಿದೆ ಎಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡೂ ಪ್ರೋಬುಗಳ ಉದ್ದ ಒಂದೇ, ದಪ್ಪ ಒಂದೇ. ವ್ಯತ್ಯಾಸವೆಲ್ಲ ಒಳಗೆ ಕಾಣದಂತೆ ಕೂತ ಒಂದು ಬಳೆಯಲ್ಲಿ. ಕಾರ್ಖಾನೆಯದಕ್ಕೆ ಅರ್ತ್ ಮಾಡುವ ಲೋಹದ ಬಳೆ, ಕಾಲೇಜಿನದಕ್ಕೆ ಪಿಂಗಾಣಿಯದು. ಮಾಡಿದ ಮೇಲೆ ಓವನ್ನಿನಲ್ಲಿ ಒಂದು ಹಗಲು ಕಾಯಿಸಬೇಕು. ಕಾಗದದ ಚೀಟಿ ಸುಟ್ಟು ಮಸಿಯಾಗುತ್ತದೆಂದು ಚೀಟಿ ಬಿಚ್ಚಿ, ಕಾರ್ಖಾನೆಯದು ಎಡಕ್ಕೆ, ಕಾಲೇಜಿನದು ಬಲಕ್ಕೆ ಎಂದು ತಟ್ಟೆಯಲ್ಲಿಡುವುದು ನನ್ನ ಪದ್ಧತಿ. ಇಪ್ಪತ್ತು ವರ್ಷದಿಂದ ಹಾಗೇ. ಮೊನ್ನೆ ತಟ್ಟೆಯ ಹಿಡಿ ಬಾಗಿಲಿಗೆ ತಾಗುತ್ತಿತ್ತು. ಥೂ ನಿನ್ನ ಎಂದು ಬೈದು ತಟ್ಟೆಯನ್ನೇ ಹಿಂದುಮುಂದು ತಿರುಗಿಸಿ ಒಳಗೆ ನೂಕಿದೆ. ಮರುದಿನ ತೆಗೆದಾಗ ಎಡಕ್ಕಿದ್ದದ್ದಕ್ಕೆ ಕಾರ್ಖಾನೆಯ ಚೀಟಿ ಕಟ್ಟಿದೆ. ಕಾಯಿಸುವ ಮೊದಲು ಪರೀಕ್ಷೆ ಮಾಡಿದ್ದೆನಲ್ಲ, ಮತ್ತೆ ಯಾಕೆ ಎಂಬ ಕೊಬ್ಬು.

ತಂಗಿಗೆ ಫೋನ್ ಮಾಡಿದೆ. ಆಫ್. ಕುಲುಮೆ ಶೆಡ್ಡಿಗೆ ಹೋಗುವ ಮೊದಲು ಎಲ್ಲರೂ ಫೋನನ್ನು ಬೀರುವಿನಲ್ಲಿಟ್ಟು ಹೋಗಬೇಕು. ಆಫೀಸಿಗೆ ಮಾಡಿದೆ.

“ಮೇಡಂ ಒಳಗಿದಾರೆ,” ಎಂದಿತು ಒಂದು ಹುಡುಗಿಯ ದನಿ. “ಹನ್ನೊಂದೂಕಾಲಿಗೆ ಅಳತೆ ಶುರು. ಏನಾದ್ರೂ ಹೇಳ್ಬೇಕಿತ್ತಾ?”

“ಆ ಹೊಸ ಪ್ರೋಬ್ ಮುಟ್ಬೇಡ ಅಂತ ಓಡಿ ಹೋಗಿ ಹೇಳಮ್ಮಾ! ಮುಟ್ಟಿದ್ರೆ ಸಾಯ್ತಾಳೆ!”

“ಅಯ್ಯೋ, ನಮ್ಮನ್ನ ಶೆಡ್ ಒಳಗೆ ಬಿಡಲ್ಲ ಮೇಡಂ. ಇಂಟರ್‌ಕಾಮ್ ಮಾಡ್ತೀನಿ, ಇರಿ.” ಗಂಟೆ ಬಡಿಯುವುದು ನನಗೂ ಕೇಳಿಸಿತು. ಬಡಿಯಿತು, ಬಡಿಯಿತು. “ಪಂಪುಗಳ ಸದ್ದಲ್ಲಿ ಕೇಳಿಸ್ತಿಲ್ಲ ಅನ್ಸತ್ತೆ. ಇನ್ನೊಂದ್ಸಲ ಮಾಡ್ಲಾ?”

“ಮಾಡ್ತಾನೇ ಇರು,” ಎಂದು ಸ್ಕೂಟರಿನ ಕೀಲಿ ಎತ್ತಿಕೊಂಡು ಓಡಿದೆ.

ದಾರಿಯಲ್ಲಿ ಸಿಗ್ನಲ್ಲಿನ ಹತ್ತಿರ ಒಬ್ಬ ಲಾರಿಯವನು ರಸ್ತೆಗೆ ಅಡ್ಡ ನಿಲ್ಲಿಸಿ ಆರಾಮವಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ. ಇವತ್ತು ಫುಟ್‌ಪಾತಿನ ಮೇಲೆ ಹತ್ತಿಸಿಕೊಂಡು ಹೋದೆ.

ಅವಳು ಮೀಟರ್ ಹಿಡಿದು ನೋಡುತ್ತಾಳೆ ಎಂಬ ಆಸೆಯೂ ನನಗಿರಲಿಲ್ಲ. ಹೊರಗಿನಿಂದ ಬಂದ ಪ್ರೋಬನ್ನು ಪರೀಕ್ಷಿಸಿಯೇ ಬಳಸಬೇಕೆಂಬ ನಿಯಮ ಅಲ್ಲಿದೆ. ಒಂಬತ್ತು ವರ್ಷದ ಹಿಂದೆ, ನಾನು ಕೊಟ್ಟ ಮೊದಲ ಪ್ರೋಬಿಗೆ ಅವಳು ನನ್ನೆದುರೇ ಮೀಟರ್ ಹಿಡಿದಳು. “ನನ್ನ ಕೆಲಸಕ್ಕೇ ಮೀಟರ್ ಹಿಡೀತೀಯಾ? ನಿನಗೆ ಮೂಗೊರೆಸಿದ್ದು ನಾನು, ನೆನಪಿರ್ಲಿ,” ಎಂದು ನಾಲ್ಕು ಜನರ ಮುಂದೆ ಅವಳ ನೀರಿಳಿಸಿಬಿಟ್ಟೆ. ಅಮ್ಮ ಹೋದಾಗ ಅವಳಿಗೆ ಆರು ವರ್ಷ, ನನಗೆ ಹದಿನೇಳು. ಬೈದೂ ಹೊಡೆದೂ ನಾನೇ ಸಾಕಿದ್ದು. ಆಮೇಲೆ ಅವಳು ನನ್ನ ಪ್ರೋಬಿಗೆ ಮೀಟರ್ ಹಿಡಿದದ್ದನ್ನು ನಾನು ಕಾಣೆ. ಅಕ್ಕ ಮಾಡಿದ್ದು ಎಂದು ಕಣ್ಣುಮುಚ್ಚಿ ತೂರಿಸುತ್ತಾಳೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದವಳು. ದೇವರೇ, ಇವತ್ತೊಂದು ದಿನ ನನ್ನ ಮಾತು ಮೀರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಗೇಟಿನಲ್ಲಿ ಕಾವಲಿನವನು ಕಂಬದ ಹಾಗೆ ಅಡ್ಡ ನಿಂತ. “ಚಪ್ಪಲಿ ಹಾಕ್ಕೊಂಡು ಒಳಗೆ ಬಿಡಲ್ಲಮ್ಮ. ಅಲ್ಲಿ ಶೂ ಇವೆ, ಅಳತೆ ನೋಡಿ ಹಾಕ್ಕೊಳ್ಳಿ.”

“ನನ್ನ ತಂಗಿ ಸಾಯ್ತಿದಾಳೆ ಕಣಪ್ಪಾ!”

“ಸಾಯ್ಲಿ… ಅಲ್ಲ, ಹಾಗಲ್ಲ, ರೂಲ್ಸು…” ಎಂದು ತೊದಲಿದ. ಕೈಗೆ ಸಿಕ್ಕ ಎರಡು ಶೂಗಳಿಗೆ ಕಾಲು ತುರುಕಿದೆ. ಎರಡೂ ಎಡಗಾಲಿನವು. ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಅವನು ಹಿಂದೆ ಕೂಗುತ್ತಿದ್ದಂತೆ ಧಡಬಡ ಓಡಿದೆ.

ಶೆಡ್ಡಿನ ಬಾಗಿಲು ತೆಗೆದರೆ ಪಂಪುಗಳ ಅಬ್ಬರ. ಎರಡನೆಯ ಕುಲುಮೆಯ ಗಾಜಿನ ಕಿಂಡಿಯಲ್ಲಿ ನೇರಳೆ ಬೆಳಕು. ಹಚ್ಚಿಬಿಟ್ಟಿದ್ದಾರೆ. ಪಕ್ಕದ ಕುರ್ಚಿ ಖಾಲಿ. ನೆಲದ ಮೇಲೆ ಅವಳ ಒಂದು ಕೈಗವಸು ಬಿದ್ದಿತ್ತು. “ಪುಟ್ಟೀ!” ಎಂದು ಕಿರುಚಿದೆ. ಅವಳಿಗೆ ನಲವತ್ತು ದಾಟಿದೆ, ಆ ಹೆಸರಿನಲ್ಲಿ ಅವಳನ್ನು ಕರೆದು ಎಷ್ಟೋ ವರ್ಷವಾಗಿತ್ತು. ಕೆಲಸದವರೆಲ್ಲ ತಿರುಗಿ ನೋಡಿದರು.

ಕುಲುಮೆಯ ಹಿಂದಿನಿಂದ ಅವಳು ಬಂದಳು. ನಡೆದುಕೊಂಡು, ಕೈಯಲ್ಲಿ ನೋಟ್‌ಬುಕ್ ಹಿಡಿದು, ಇನ್ನೊಂದು ಕೈಗವಸು ಕಂಕುಳಲ್ಲಿ ಸಿಕ್ಕಿಸಿಕೊಂಡು.

“ಏನಕ್ಕಾ? ಮನೇಲಿ ಏನಾದ್ರೂ ಆಯ್ತಾ?”

“ಪ್ರೋಬ್! ಆ ಪ್ರೋಬ್ ಮುಟ್ಟಿದ್ಯಾ?”

ಅವಳ ಮುಖ ಬಿಳಿಚಿಕೊಂಡಿತು. ಪ್ರೋಬಿನ ಭಯಕ್ಕಲ್ಲ, ನನ್ನ ಭಯಕ್ಕೆ. ಅವಳ ಕಣ್ಣು ಮೂಲೆಯ ಮೇಜಿನ ಕಡೆ ಹೋಯಿತು. ಅಲ್ಲಿ ನನ್ನ ಪ್ರೋಬ್ ಮಲಗಿತ್ತು, ಹಿಡಿಗೆ ಕೆಂಪು ಟೇಪು ಸುತ್ತಿತ್ತು.

“ಒಳಗೆ ಹಳೇದು ಹಾಕಿದೀನಿ,” ಎಂದಳು ಸಣ್ಣ ದನಿಯಲ್ಲಿ. “ಹೊಸದು ಅರ್ತ್ ತೋರಿಸ್ಲಿಲ್ಲ.”

“ತೋರಿಸ್ಲಿಲ್ಲ ಅಂತ ನಿನಗೆ ಹೇಗೆ ಗೊತ್ತು?”

“ಮೀಟರ್ ಹಿಡಿದೆ.” ತಲೆ ತಗ್ಗಿಸಿದಳು. “ಪ್ರತಿ ಸಲಾನೂ ಹಿಡೀತೀನಿ ಅಕ್ಕಾ. ನಿನ್ನ ಮುಂದೆ ಹಿಡಿಯಲ್ಲ ಅಷ್ಟೆ.”

ಕುರ್ಚಿಯ ಬೆನ್ನು ಹಿಡಿದು ನಿಂತೆ. ಬದುಕಿದೆ, ಬದುಕಿದಳು ಎಂದು ಒಳಗೆ ಏನೋ ಬಡಿದುಕೊಳ್ಳುತ್ತಿತ್ತು.

“ಗೊತ್ತಾದ ತಕ್ಷಣ ನನಗೊಂದು ಫೋನ್ ಮಾಡೋಕೇನಾಗಿತ್ತು?”

“ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ. ನಾನೇ ಬೀಳಿಸಿ ಕೆಡಿಸಿದೆ ಅಂತ ಹೇಳೋಣ ಅಂದ್ಕೊಂಡೆ. ಹೋದ ಸಲದ ಥರ.”

ಮೂರು ವರ್ಷದ ಹಿಂದೆ ಒಂದು ಪ್ರೋಬನ್ನು ಕೈಜಾರಿ ಒಡೆದೆ ಎಂದು ಅವಳು ತಂದುಕೊಟ್ಟಿದ್ದಳು. ಕೈಯೋ ಕಟ್ಟಿಗೆಯೋ ಎಂದು ಒಂದು ವಾರ ಅವಳನ್ನು ಬೈದಿದ್ದೆ, ಅವಳ ಗಂಡನ ಮುಂದೆಯೂ ಬೈದಿದ್ದೆ.

“ಹೋದ ಸಲ ಅದು ಬಿದ್ದಿರ್ಲಿಲ್ವಾ?”

ಅವಳು ಬಗ್ಗಿ ನೆಲದ ಮೇಲಿನ ಕೈಗವಸನ್ನು ಎತ್ತಿಕೊಂಡಳು.

ಅವಳ ಕೆನ್ನೆ ಸವರಬೇಕು, ಆ ಬೆಚ್ಚಗಿನ ಮುಖವನ್ನೊಮ್ಮೆ ಮುಟ್ಟಿ ನೋಡಬೇಕು ಅನ್ನಿಸಿ ಕೈ ಎತ್ತಿದೆ. ಅವಳು ತಟ್ಟನೆ ಒಂದು ಹೆಜ್ಜೆ ಹಿಂದೆ ಸರಿದು, ನೋಟ್‌ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದಳು.

“ಇಲ್ಲಿ ಬೇಡ ಅಕ್ಕಾ,” ಎಂದಳು. “ಎಲ್ಲರೂ ನೋಡ್ತಿದಾರೆ.”