ಹಿಂದಿನ ಬಾಗಿಲಿನಿಂದ ನೋಡಿದ ಕಾಲೇಜು

ಸಗರದ ಸುಂದ್ರಮ್ಮ ಮನೆ ನೋಡುವುದರಲ್ಲಿ ಎತ್ತಿದ ಕೈ. ತಮ್ಮವರಲ್ಲಿ ಯಾರದೇ ಹೆಣ್ಣುಮಗಳಿಗೆ ಸಂಬಂಧ ಕೂಡಿಬರಲಿ, ಗಂಡಿನ ಮನೆ ನೋಡಲು ಹೊರಟವರು ಈಕೆಯನ್ನು ಬಿಟ್ಟು ಹೋಗುತ್ತಿರಲಿಲ್ಲ. ಗಂಡಸರು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಹೊಲ ಎಷ್ಟು, ಬೋರಿನಲ್ಲಿ ನೀರೆಷ್ಟು ಎಂದು ಕೇಳುತ್ತಿರುವಾಗ ಈಕೆ ಮೆಲ್ಲಗೆ ಹಿತ್ತಲಿಗೆ ನಡೆದುಬಿಡುವಳು. ಆ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಕೂಲಿಯವರಿಗೆ ನೀರು ಕೊಡುವ ಚರಿಗೆ ಯಾವುದು, ಸೊಸೆ ಹಿತ್ತಲಲ್ಲಾದರೂ ನಗುತ್ತಾಳೋ ಇಲ್ಲವೋ, ಇಷ್ಟು ನೋಡಿ ಬಂದು "ಕೊಡ್ರಿ" ಅನ್ನುವಳು. ಇಲ್ಲದಿದ್ದರೆ "ಚಹಾ ಚಲೋ ಇತ್ತು, ಏಳ್ರಿ" ಅನ್ನುವಳು. ಚಹಾ ಹೊಗಳಿದಳೆಂದರೆ ಸಂಬಂಧ ಮುರಿಯಿತೆಂದು ಎಲ್ಲರಿಗೂ ಗೊತ್ತು.

ಇಂಥಾಕೆ ತನ್ನ ಸ್ವಂತ ಮಗಳು ಭಾಗ್ಯಳ ಲಗ್ನದಲ್ಲಿ ಮಾತ್ರ ಮನೆ ನೋಡಿರಲಿಲ್ಲ. ಬೀಗರೇ ತಂದ ಸಂಬಂಧ, ಕಕ್ಕೇರಾದ ಮನೆ, ಹತ್ತಿ ಬಿಡಿಸುವ ಸುಗ್ಗಿ ಬೇರೆ. ನಮ್ಮವರೇ ಅಲ್ಲವೇ ಎಂದು ಒಪ್ಪಿಬಿಟ್ಟಳು. ಕೆಟ್ಟ ಮನೆಯೇನಲ್ಲ. ಹೊಡೆಯುವವರಿಲ್ಲ, ಬೈಯುವವರಿಲ್ಲ. ಮಾತಾಡುವವರೂ ಇಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುವ ಹಾಗೆ ಹಾಡುತ್ತಿದ್ದ ಹುಡುಗಿ, ಈಗ ಹಬ್ಬಕ್ಕೆ ಬಂದರೆ ಗೋಡೆಗೆ ಒರಗಿ ಟಿ.ವಿ. ನೋಡುತ್ತ ಕೂಡುತ್ತಾಳೆ. ಹತ್ತು ವರ್ಷವಾಯಿತು. ಸುಂದ್ರಮ್ಮ ಇದನ್ನು ಯಾರ ಮುಂದೆಯೂ ಆಡಿದವಳಲ್ಲ. ಮೊಮ್ಮಗಳು ಪರಿಮಳಾ ಹತ್ತನೆಯದರಲ್ಲಿ ನೂರಕ್ಕೆ ತೊಂಬತ್ತೈದು ತೆಗೆದು, ಮಗ ಅಂಬ್ರಪ್ಪ ಆಕೆಯನ್ನು ಯಾದಗಿರಿಯ ದೊಡ್ಡ ಕಾಲೇಜಿಗೆ ಹಾಕುತ್ತೇನೆ ಎಂದ ದಿನ ಮಾತ್ರ ಸೆರಗು ಕೊಡವಿ ಎದ್ದು ನಿಂತಳು.

"ನಾನೂ ಬರ್ತೀನಿ. ಮನಿ ನೋಡದ ನನ್ನ ಮೊಮ್ಮಗಳನ್ನ ಕೊಡಂಗಿಲ್ಲ."

"ಯವ್ವಾ, ಇದು ಕಾಲೇಜಬೇ, ಲಗ್ನ ಅಲ್ಲ."

"ಲಗ್ನ ಆಗಿದ್ರ ಹಬ್ಬಕ್ಕರ ಕರಕೊಂಡು ಬರಬಹುದಿತ್ತು. ಅಲ್ಲಿ ಎರಡು ವರ್ಷ ಹಬ್ಬಕ್ಕೂ ಬಿಡಂಗಿಲ್ಲಂತ ನೀನೇ ಅಂದಿ."

ಪರಿಮಳಾ ನಕ್ಕಳು. "ಆಯಿ, ಗಂಡು ಯಾರು ಹಂಗಾರ? ಪ್ರಿನ್ಸಿಪಾಲ್ರೇನು?"

"ನೀ ಬಾಯಿ ಮುಚ್ಚು. ನೋಡೂದು ನನ್ನ ಕೆಲಸ, ಒಪ್ಪೂದು ನಿನ್ನ ಕೆಲಸ."

ಬಾಯಿ ಮುಚ್ಚು ಎಂದರೆ ಮುಚ್ಚುವ ಹುಡುಗಿಯಲ್ಲ ಅದು. ಒಮ್ಮೆ ಊರಿಗೆ ಬಂದ ಕೃಷಿ ಸಾಹೇಬರು ಹತ್ತಿಯ ಹುಳಕ್ಕೆ ಯಾವ ಎಣ್ಣೆ ಹೊಡೆಯಬೇಕೆಂದು ಹೇಳುತ್ತಿದ್ದಾಗ, "ಹುಳ ಎಲ್ಲಾ ಸತ್ರ ಹುಳ ತಿನ್ನೂ ಹಕ್ಕಿ ಏನು ತಿಂತಾವ್ರಿ ಸರ್?" ಎಂದು ಎದ್ದು ಕೇಳಿತ್ತು. ಸಾಹೇಬರು ಮುಂದಿನ ಸಲ ಹುಡುಗಿ ಶಾಲೆಗೆ ಹೋದ ಹೊತ್ತು ನೋಡಿಕೊಂಡು ಬಂದರು.

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ಮೂವರೂ ಹೊರಟರು. ಬಸ್ಸಿನಲ್ಲಿ ಹೆಂಗಸರಿಬ್ಬರೂ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಕೂತರು, ಅಂಬ್ರಪ್ಪ ಒಬ್ಬನೇ ಟಿಕೆಟ್ ತೆಗೆಸಿದ. ಪಂಚಾಯತಿಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದ ಆತ ಮಗಳ ಸೀಟು ಗಟ್ಟಿಯಾಯಿತೆಂದು ಆಫೀಸಿನ ತುಂಬ ಹೇಳಿಯಾಗಿತ್ತು. ತೊಡೆಯ ಮೇಲೆ ಶಹಾಪುರದಲ್ಲಿ ಕೊಂಡ ಪೇಡೆಯ ಡಬ್ಬಿ.

"ಅದನ್ನ ಈಗೇ ಬಿಚ್ಚಬ್ಯಾಡ," ಎಂದಳು ಸುಂದ್ರಮ್ಮ.

"ಬಿಚ್ಚಂಗಿಲ್ಲ ಬಿಡಬೇ. ಅಲ್ಲೇ ಬಿಚ್ಚೂದು."

"ಅಲ್ಲೇ ಬಿಚ್ಚೂದೋ, ಎಲ್ಲಿ ಬಿಚ್ಚೂದೋ."

ಭೀಮಾ ಸೇತುವೆ ದಾಟಿ ಯಾದಗಿರಿಗೆ ಇಳಿದರೆ ಕಾಲೇಜು ಹುಡುಕುವ ಕೆಲಸವೇ ಇರಲಿಲ್ಲ. ಕಾಂಪೌಂಡಿನ ಉದ್ದಕ್ಕೂ ರ‍್ಯಾಂಕ್ ಬಂದವರ ಮುಖಗಳ ಬ್ಯಾನರು. ಗೇಟಿನಲ್ಲಿ ಒಂದು ಬೋರ್ಡು: ವಿದ್ಯಾರ್ಥಿಯ ಜೊತೆ ಒಬ್ಬ ಪಾಲಕರಿಗೆ ಮಾತ್ರ ಪ್ರವೇಶ. ಅಂಬ್ರಪ್ಪ ಮಗಳ ಜೊತೆ ಒಳಗೆ ಹೋದ. ಸುಂದ್ರಮ್ಮ ಬೇವಿನ ನೆರಳಿಗೆ ನಿಂತಳು. ಐದು ನಿಮಿಷವಾಗಿರಲಿಲ್ಲ, ವಾಚ್‌ಮನ್ ದೇವು ಬಂದ.

"ಏನಬೇ, ಅಡಗಿ ಕೆಲಸಕ್ಕ ಬಂದಿಯೇನು? ಇಲ್ಲಿ ನಿಂದರಬ್ಯಾಡ, ಹಿಂದಿನ ಗೇಟಿಲೆ ಹೋಗು. ಅನ್ವರಬಿ ಆಗಿಂದ ಕಾಯಾಕತ್ಯಾಳ."

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಸುಂದ್ರಮ್ಮನಿಗೆ ತಾನು ಕೇಳಬೇಕೆಂದಿದ್ದ ದಾರಿಯನ್ನು ಆತನೇ ತೋರಿಸಿದಂತಾಯಿತು. "ಹೌದಪ್ಪ, ಎಲ್ಲೈತಿ ಹಿಂದಿನ ಗೇಟು?" ಎಂದು ನಡೆದೇಬಿಟ್ಟಳು.

ಅಡುಗೆಮನೆಯಲ್ಲಿ ಅನ್ವರಬಿ ಸೊಂಟಕ್ಕೆ ಸೆರಗು ಕಟ್ಟಿ ಬುಟ್ಟಿಗಟ್ಟಲೆ ಹಿಟ್ಟಿನ ಮುಂದೆ ಕೂತಿದ್ದಳು. ಇಬ್ಬರು ಹೆಂಗಸರು ಆವತ್ತು ಬಂದಿರಲಿಲ್ಲವಂತೆ. "ಚಪಾತಿ ಲಟ್ಟಿಸ್ತಿಯೇನು ಅಕ್ಕಾ? ಮಾತು ಆಮ್ಯಾಲೆ, ಮೊದಲು ಕೈ ತೊಳಕೊ" ಎಂದಳು. ಸುಂದ್ರಮ್ಮ ಕೈ ತೊಳೆದು ಕೂತಳು. ನೂರು ಚಪಾತಿಯಾಗುವುದರೊಳಗೆ ಇಬ್ಬರಿಗೂ ಒಬ್ಬರಿಗೊಬ್ಬರ ಮೊಣಕಾಲು ನೋವಿನವರೆಗೆ ಎಲ್ಲ ಗೊತ್ತಾಗಿತ್ತು. ತಾನು ಕೆಲಸಕ್ಕೆ ಬಂದವಳಲ್ಲ, ಮೊಮ್ಮಗಳ ಕಾಲೇಜು ನೋಡಲು ಬಂದವಳು ಎಂದು ಸುಂದ್ರಮ್ಮ ಹೇಳಿದಾಗ ಅನ್ವರಬಿ ಹೆಂಚಿನ ಮುಂದೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ಲಾ! ನೂರು ಚಪಾತಿ ಮುಗದ ಮ್ಯಾಲ ಈಗ ಹೇಳ್ತಿಯಾ?"

"ಲಟ್ಟಿಸಿದಾಕಿ ನಾನು. ನೀ ಬೇಯಿಸಿದಿ ಅಷ್ಟೇ. ಕಾಲೇಜು ಹೆಂಗದ, ಹೇಳು."

ಅನ್ವರಬಿ ಹೆಂಚಿನ ಮೇಲಿನ ಚಪಾತಿ ತಿರುವಿಹಾಕಿದಳು. "ಸುಳ್ಳು ಯಾಕ ಹೇಳ್ಲಿ. ನಮ್ಮ ತಂಗಿ ಮಗಳು ಫಿರ್ದೌಸ್ ಇಲ್ಲೇ ಓದ್ಯಾಳ. ಈಗ ಡಾಕ್ಟರ್ ಓದಾಕತ್ಯಾಳ. ಆಕಿ ಸಣ್ಣಾಕಿದ್ದಾಗಿಂದ ಮೂಲ್ಯಾಗ ಪುಸ್ತಕ ಹಿಡಕೊಂಡು ಕೂಡಾಕಿ. ಮಾತಾಡ್ಸಿದ್ರ ಸಿಟ್ಟು. ಆಕಿಗೆ ಇದು ಜನ್ನತ್ ಆತು. ನಿನ್ನ ಮೊಮ್ಮಗಳು ಹೆಂಗ?"

"ನಿದ್ದ್ಯಾಗೂ ಮಾತಾಡ್ತಾಳ."

"ಹಾಂ," ಎಂದಳು ಅನ್ವರಬಿ. "ಬೆಲ್ ಹೊಡಿತದ ಈಗ. ಆ ಕಿಟಕ್ಯಾಗಿಂದ ನೋಡು."

ಬೆಲ್ ಹೊಡೆಯಿತು. ಕೊರಳಿಗೆ ನೀಲಿ ಕಾರ್ಡು ಹಾಕಿಕೊಂಡ ಹುಡುಗಿಯರು ಮೊದಲು ಬಂದು ಫ್ಯಾನಿನ ಕೆಳಗೆ ಕೂತರು. ಅವರಿಗೆ ತತ್ತಿ, ಮೊಸರು. ಅವರು ಉಣ್ಣುವಾಗ ಹಳದಿ ಕಾರ್ಡಿನವರು ತಾಟು ಹಿಡಿದು ಗೋಡೆಗುಂಟ ನಿಂತಿದ್ದರು. ನೀಲಿಯವರು ಎ ಬ್ಯಾಚು, ತಿಂಗಳ ಪರೀಕ್ಷೆಯಲ್ಲಿ ಮುಂದಿದ್ದವರು ಎಂದಳು ಅನ್ವರಬಿ. ಅಂಕ ಕಡಿಮೆಯಾದರೆ ಕಾರ್ಡು ಬದಲು, ತತ್ತಿ ಬಂದ್. ಸುಂದ್ರಮ್ಮ ಲಟ್ಟಣಿಗೆ ಕೆಳಗಿಟ್ಟಳು. ಬೇರೆ ನಿಲ್ಲಿಸಿ ಉಣಬಡಿಸುವುದೆಂದರೆ ಏನು ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಣ್ಣವಳಿದ್ದಾಗ ಗೌಡರ ಮನೆಯ ಲಗ್ನದಲ್ಲಿ ಅವ್ವನ ಜೊತೆ ಬೇಲಿಯ ಹೊರಗೆ ಕಾದು ನಿಂತವಳು ಆಕೆ.

ಅಷ್ಟರಲ್ಲಿ ಒಂದು ಹುಡುಗಿಯ ಕೈಯಿಂದ ಸ್ಟೀಲಿನ ತಾಟು ಜಾರಿ, ಡಣ್ಣನೆ ಬಿದ್ದು, ಗಿರಗಿರನೆ ತಿರುಗಿ ತಿರುಗಿ ನಿಂತಿತು. ಇನ್ನೂರು ಹುಡುಗಿಯರಿದ್ದರು. ಹದಿನಾರು ಹದಿನೇಳರ ವಯಸ್ಸಿನವರು. ಒಬ್ಬಳೂ ತಲೆ ಎತ್ತಲಿಲ್ಲ. ಒಬ್ಬಳೂ ನಗಲಿಲ್ಲ.

ಸುಂದ್ರಮ್ಮನ ಕಣ್ಣ ಮುಂದೆ ಗೋಡೆಗೆ ಒರಗಿದ ಭಾಗ್ಯ ಬಂದಳು. ಆಕೆ ಕೈ ಒರೆಸಿಕೊಂಡು ಎದ್ದಳು. "ಬರ್ತೀನವ್ವ ಅನ್ವರಬಿ. ಚಹಾ ಚಲೋ ಇತ್ತು."

"ಚಹಾ ಎಲ್ಲಿ ಕುಡದಿ?"

"ಕುಡದಂಗಾತು ಬಿಡು."

ಮುಂದಿನ ಗೇಟಿನಲ್ಲಿ ಅಂಬ್ರಪ್ಪ ತಾಯಿಯನ್ನು ಹುಡುಕುತ್ತ ಬೆವರಿದ್ದ. "ಎಲ್ಲಿ ಹೋಗಿದ್ದಿಬೇ? ಸೀಟು ಸಿಕ್ತು! ಸಂಜಿ ಐದರೊಳಗ ಹೂಂ ಅಂದ್ರ ಮುಗೀತು."

ಪರಿಮಳಾಳ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. "ಆಯಿ, ಕ್ಲಾಸಿನ್ಯಾಗ ಪ್ರಶ್ನೆ ಕೇಳಬಹುದೇನ್ರಿ ಅಂತ ಕೇಳ್ದೆ. ಚೀಟಿ ಬರದು ಡಬ್ಬಿಗೆ ಹಾಕಬೇಕಂತ. ಶನಿವಾರ ತಗದು ನೋಡ್ತಾರಂತ. ಶನಿವಾರ ತನಕ ನನಗ ಪ್ರಶ್ನೆ ನೆನಪಿರ್ತದೇನು?"

ಸುಂದ್ರಮ್ಮ ಬೇವಿನ ಬುಡಕ್ಕೆ ಕೂತು, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಫಿರ್ದೌಸಳದ್ದನ್ನೂ ಬಿಡಲಿಲ್ಲ, ಕಾರ್ಡಿನ ಬಣ್ಣವನ್ನೂ ಬಿಡಲಿಲ್ಲ. ಬೇಕು ಬೇಡ ಎಂಬ ಒಂದು ಮಾತನ್ನು ಮಾತ್ರ ಸೇರಿಸಲಿಲ್ಲ. ಭಾಗ್ಯಳನ್ನು ಆಗ ಯಾರೂ ಕೇಳಿರಲಿಲ್ಲ. ಈ ಸಲ ಪರಿಮಳಾಳನ್ನು ಕೇಳುವವರೆಗೆ ತಾನು ಏನೂ ಹೇಳಬಾರದು.

"ಆದ್ರ ನಮ್ಮಾಕಿ ಎ ಬ್ಯಾಚಿನಾಗ ಇರಾಕಿ! ತತ್ತಿ, ಮೊಸರು ಎಲ್ಲಾ ಸಿಗ್ತದ," ಎಂದ ಅಂಬ್ರಪ್ಪ.

"ನಾ ತತ್ತಿ ತಿಂತಾ ಕೂಡೂದು, ಉಳದವ್ರು ನೋಡ್ತಾ ನಿಂದರೂದು. ಹಂಗೇನಪ್ಪ?" ಎಂದಳು ಪರಿಮಳಾ. "ಮನ್ಯಾಗ ಬಾಬಾಸಾಹೇಬ್ರ ಫೋಟೋ ಮುಂದ ದಿನಾ ಕೈ ಮುಗಿತೀವಿ. ಇಲ್ಲಿ ಹಂಗ ಉಂಡು ಬಂದು ಅವ್ರ ಮುಂದ ನಾ ಏನಂತ ಹೇಳ್ಲಿ?"

ಅಂಬ್ರಪ್ಪ ಪೇಡೆಯ ಡಬ್ಬಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದ.

"ಐದಕ್ಕ ಇನ್ನೂ ಹೊತ್ತದ," ಎಂದಳು ಸುಂದ್ರಮ್ಮ. "ಒಂದೇ ಮನಿ ನೋಡಿ ಯಾರೂ ಹೆಣ್ಣು ಕೊಡಂಗಿಲ್ಲ. ಸುರಪುರದಾಗ ಒಂದದ ಅಂತಿದ್ದೆಲ್ಲ ಪರಿಮಳಾ, ನಡಿ."

ಶಹಾಪುರಕ್ಕೆ ಬಂದಾಗ ಮಲಗಿದ ಬುದ್ಧನ ಗುಡ್ಡ ಕಿಟಕಿಯಲ್ಲಿ ಕಂಡಿತು. ಪರಿಮಳಾ ಕೂತಲ್ಲೇ ಕೈ ಮುಗಿದಳು. ಬಸ್ಸು ಬದಲಿಸಿ, ಹತ್ತಿಗುಡೂರು ದಾಟಿ ಸುರಪುರಕ್ಕೆ ಬರುವಾಗ ಮೂರೂವರೆ. ಕಾಲೇಜು ಗುಡ್ಡದ ಬುಡದಲ್ಲಿತ್ತು. ಬ್ಯಾನರು ಇರಲಿಲ್ಲ. ಗೇಟಿನಲ್ಲಿ ತಡೆಯುವವರೂ ಇರಲಿಲ್ಲ. ಸುಂದ್ರಮ್ಮ ಈ ಸಲ ಮಗನನ್ನೂ ಮೊಮ್ಮಗಳನ್ನೂ ಸೀದಾ ಹಿಂದಕ್ಕೆ ಕರೆದುಕೊಂಡು ಹೋದಳು.

ಹಾಸ್ಟೆಲಿನ ಹಿಂದಿನ ಅಂಗಳದಲ್ಲಿ ಜಗಳ ನಡೆದಿತ್ತು. ಒಲೆಯ ಮೇಲೆ ಬೇಳೆಯ ಎರಡು ಪಾತ್ರೆ, ಒಂದಕ್ಕೆ ಮಾತ್ರ ಉಪ್ಪು ಹಾಕಿದ್ದು, ಸುತ್ತ ಹದಿನೈದಿಪ್ಪತ್ತು ಹುಡುಗಿಯರು, ನಡುವೆ ಸೌಟು ಹಿಡಿದ ಅಡುಗೆಯ ಹಣಮಂತಮ್ಮ, ಆಕೆಯ ಎದುರಿಗೆ ಚಾಕ್‌ಪುಡಿ ಮೆತ್ತಿದ ಕೈಯ ರಸಾಯನಶಾಸ್ತ್ರದ ಭಾರತಿ ಮೇಡಂ.

"ಉಪ್ಪು ಮೊದಲು ಹಾಕಿದ್ರ ಬ್ಯಾಳಿ ಬೇಯಂಗಿಲ್ಲ. ಮೂವತ್ತು ವರ್ಷದಿಂದ ಬೇಯಿಸ್ತೀನಿ, ನನಗ ಹೇಳ್ತೀರೇನು?" ಎನ್ನುತ್ತಿದ್ದಳು ಹಣಮಂತಮ್ಮ.

"ನಾ ಇಲ್ಲ ಅಂದಿಲ್ಲಬೇ. ನೋಡಮು ಅಂದೆ," ಎಂದರು ಮೇಡಂ. ಹೊಸಬರನ್ನು ಕಂಡು, ಯಾರು ಏನು ಎಂದೂ ಕೇಳದೆ, "ಬರ್ರಿ ಆಯಿ, ನೀವು ಹೇಳ್ರಿ. ಉಪ್ಪು ಮೊದಲೋ, ಆಮ್ಯಾಲೋ?" ಎಂದರು.

ಸುಂದ್ರಮ್ಮ ಹೇಳುವುದರೊಳಗೆ ಪರಿಮಳಾ ಒಲೆಯ ಹತ್ತಿರ ತಲುಪಿದ್ದಳು. "ಮೇಡಂ, ಎರಡರಾಗೂ ನೀರು ಒಂದೇ ಅಳತಿ ಹಾಕೀರೇನ್ರಿ?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಅಳೆದಿರಲಿಲ್ಲ.

"ಉರಿನೂ ಒಂದೇ ಇಲ್ರಿ. ಈ ಕಡೆ ಕಟಿಗಿ ಜಾಸ್ತಿ ಅದ. ಹಿಂಗಾದ್ರ ಗೆದ್ದಿದ್ದು ಉಪ್ಪೋ ಕಟಿಗ್ಯೋ, ಹೆಂಗ ಗೊತ್ತಾಗ್ತದ?"

ಭಾರತಿ ಮೇಡಂ ಸೊಂಟದ ಮೇಲೆ ಕೈಯಿಟ್ಟು ಆಕೆಯನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು. "ಇಳಸ್ರೆ ಎರಡೂ! ಮೊದಲಿಂದ ಹಚ್ಚಮು. ಏ ಹುಡುಗಿ, ಅಳತಿ ಚರಿಗಿ ಹಿಡಿ. ನೀನೇ ಹಾಕು."

"ರಾತ್ರಿ ಊಟಕ್ಕ ಏನು ಕಲ್ಲು ತಿಂತೀರೇನು?" ಎಂದು ಹಣಮಂತಮ್ಮ ಗೊಣಗಿದಳು. ಸೌಟನ್ನು ಮಾತ್ರ ಪರಿಮಳಾಳ ಕೈಗೆ ಕೊಟ್ಟಳು.

ಸುಂದ್ರಮ್ಮನಿಗೆ ಇನ್ನೊಂದು ಕೆಲಸ ಬಾಕಿ ಇತ್ತು. ತೊಳೆದಿಟ್ಟ ತಾಟುಗಳ ಹತ್ತಿರ ಹೋದಳು. ಮೇಲಿನದೊಂದನ್ನು ಎತ್ತಿ, ಅತ್ತಿತ್ತ ನೋಡಿ, ಕೈ ಬಿಟ್ಟಳು. ತಾಟು ಬಂಡೆಗಲ್ಲಿನ ಮೇಲೆ ಡಣ್ಣನೆ ಬಿದ್ದು ಗಿರಗಿರನೆ ತಿರುಗುತ್ತ ಹೋಯಿತು. ಅಂಗಳ ಹೋ ಎಂದು ನಕ್ಕಿತು. ಒಬ್ಬಳು ಸೀಟಿ ಹೊಡೆದಳು, ಇನ್ನೊಬ್ಬಳು "ಆಯಿ ಔಟ್!" ಎಂದು ಕೂಗಿದಳು, ಮತ್ತೊಬ್ಬಳು ಓಡಿಹೋಗಿ ತಾಟು ಎತ್ತಿ ತಂದು ಕೈಗೆ ಕೊಟ್ಟಳು.

"ಯವ್ವಾ, ಕೈಯಾಗ ಶಕ್ತಿ ಇಲ್ಲೇನು?" ಎಂದ ಅಂಬ್ರಪ್ಪ.

"ಅದ," ಎಂದಳು ಸುಂದ್ರಮ್ಮ.

ಅಂಬ್ರಪ್ಪ ಸುಮ್ಮನಿರುವ ಗಿರಾಕಿಯಲ್ಲ. ಮೇಡಂ ಹತ್ತಿರ ಹೋಗಿ ಮೆಲ್ಲಗೆ ಕೇಳಿದ. "ಮೇಡಂ, ನಿಮ್ಮಲ್ಲಿ ರ‍್ಯಾಂಕ್ ಬಂದಾವೇನ್ರಿ?"

"ಇಲ್ರಿ," ಎಂದರು ಆಕೆ, ಅಷ್ಟೇ ಸಲೀಸಾಗಿ. "ಹೋದ ವರ್ಷ ಒಬ್ಬಾಕಿ ನರ್ಸಿಂಗ್‌ಗೆ ಹೋದ್ಲು, ಇಬ್ಬರು ಬಿ.ಎಸ್ಸಿ ಅಗ್ರಿ. ಗಣಿತದಾಗ ಇನ್ನೂ ಜೋರು ಮಾಡಬೇಕು ನಾವು. ನೀವು ದೊಡ್ಡ ಕಾಲೇಜು ನೋಡಿ ಬಂದಿರಬಹುದು, ಅಲ್ಲಿ ಅಭ್ಯಾಸ ಗಟ್ಟಿ ಇರ್ತದ. ಇಲ್ಲಿ ಆಕಿ ತಾನೇ ಗಟ್ಟಿ ಆಗಬೇಕು. ಪ್ರಶ್ನೆ ಕೇಳಿದ್ರ ನಾವು ಕೂಡ್ರು ಅನ್ನಂಗಿಲ್ಲ. ಅಷ್ಟು ಹೇಳಬಲ್ಲೆ."

"ಊಟ ಹೆಂಗ್ರಿ? ಎಲ್ಲಾರೂ ಕೂಡೇ?" ಎಂದು ನಡುವೆ ಬಾಯಿ ಹಾಕಿದಳು ಸುಂದ್ರಮ್ಮ.

"ಕೂಡೇ ಆಯಿ. ನಾನೂ ಇಲ್ಲೇ ಉಣ್ಣೂದು. ತಡವಾಗಿ ಬಂದ್ರ ನನಗೂ ತಳದ ಸಾರೇ."

ಅಂಬ್ರಪ್ಪನ ಫೋನು ರಿಂಗಾದಾಗ ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ಯಾದಗಿರಿಯ ಕಾಲೇಜಿನವರು. ಆತ ಫೋನು ನೋಡಿದ, ತಾಯಿಯನ್ನು ನೋಡಿದ. ಸುಂದ್ರಮ್ಮ ಎಲೆ ಅಡಿಕೆಯ ಚೀಲ ಬಿಚ್ಚಿ, ಸುಣ್ಣ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು. ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಎಲೆಯ ಜೊತೆ ಬಾಯೊಳಗೇ ಇಟ್ಟುಕೊಂಡಳು.

"ಪರಿಮಳಾ," ಎಂದು ಕರೆದ ಅಂಬ್ರಪ್ಪ. "ಬಾರವ್ವ. ಓದಾಕಿ ನೀನು. ನೀನೇ ಮಾತಾಡು."

ಪರಿಮಳಾ ಎಡಗೈಯಲ್ಲಿ ಅಳತೆಯ ಚರಿಗೆ, ಬಲಗೈಯಲ್ಲಿ ಫೋನು ಹಿಡಿದಳು. "ನಮಸ್ಕಾರ್ರಿ ಸರ್. ಸೀಟು ಕೊಟ್ಟಿದ್ದಕ್ಕ ಭಾಳ ಉಪಕಾರ್ರಿ. ನಾ ಬರಂಗಿಲ್ರಿ… ಇಲ್ರಿ, ಯಾರೂ ತಲಿ ತುಂಬಿಲ್ಲ. ನಿಮ್ಮ ಕಾಲೇಜು ದೊಡ್ಡದದ ಸರ್, ನನಗ ಹೊಂದಂಗಿಲ್ರಿ. ಆ ಸೀಟು ಸುಮ್ಮ ಕೂತು ಓದಾಕಿ ಯಾರಿಗರ ಕೊಡ್ರಿ, ಆಕಿಗೆ ಚಲೋ ಆಗ್ತದ… ಹೂಂ ಸರ್. ಇನ್ನೊಂದು ಮಾತು ಹೇಳ್ಲೇನ್ರಿ? ತತ್ತಿ ಎಲ್ಲಾರಿಗೂ ಕೊಡ್ರಿ."

ಅಂಬ್ರಪ್ಪ ಹಣೆಗೆ ಕೈ ಹಚ್ಚಿಕೊಂಡ. "ಕೊನಿಗಿ ಅದೊಂದು ಬೇಕಾಗಿತ್ತೇನು?"

"ಪ್ರಶ್ನೆ ಡಬ್ಬಿಗೆ ಹಾಕಿದ್ರ ಶನಿವಾರ ಆಗ್ತಿತ್ತಪ್ಪ."

ಭಾರತಿ ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ಅಂಬ್ರಪ್ಪನಿಗೂ ನಗು ತಡೆಯಲಾಗಲಿಲ್ಲ. ಆಫೀಸಿನವರಿಗೆ ಏನು ಹೇಳಬೇಕೆಂಬ ಯೋಚನೆ ಬಂದರೂ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಇಪ್ಪತ್ತು ಹುಡುಗಿಯರಿಗೆ ಆಗಲೇ ಹುಕುಂ ಮಾಡುತ್ತಿದ್ದ ಮಗಳನ್ನು ನೋಡಿ ಆ ಯೋಚನೆ ಅಷ್ಟಕ್ಕೇ ನಿಂತಿತು. "ಬಿಚ್ಚಲೇನಬೇ ಈಗ?" ಎಂದು ಡಬ್ಬಿ ಮುಂದೆ ಹಿಡಿದ.

"ಬಿಚ್ಚು. ಎಲ್ಲಾರನ್ನೂ ಒಂದೇ ಸಾಲಿಗೆ ಕೂಡಿಸು."

ಹಣಮಂತಮ್ಮ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಕೂತಳು. ಎರಡು ಪಾತ್ರೆಗಳೂ ಸರಿಸಮ ಉರಿಯಲ್ಲಿ ಕುದಿಯತೊಡಗಿದವು.

ಅರ್ಜಿ ತುಂಬಿ ಬಸ್‌ಸ್ಟ್ಯಾಂಡಿಗೆ ಬರುವಾಗ ಬಿಸಿಲು ಇನ್ನೂ ಗುಡ್ಡದ ಮೇಲಿತ್ತು. ಶಹಾಪುರದ ಬಸ್ಸು ತುಂಬುತ್ತಿತ್ತು. ಪಕ್ಕದಲ್ಲಿ ಕಕ್ಕೇರಾದ ಬಸ್ಸು ಹೊರಡಲು ಗುರುಗುಡುತ್ತಿತ್ತು. ಡಬ್ಬಿಯಲ್ಲಿ ಉಳಿದದ್ದು ನಾಲ್ಕು ಪೇಡೆ. ಸುಂದ್ರಮ್ಮ ಅದನ್ನು ಮಗನ ಕೈಯಿಂದ ತೆಗೆದುಕೊಂಡಳು.

"ನೀವಿಬ್ಬರೂ ಊರಿಗಿ ನಡೀರಿ. ನಾ ನಾಳೆ ಬರ್ತೀನಿ."

"ಎಲ್ಲಿಗಿಬೇ ಈ ಹೊತ್ತಿನ್ಯಾಗ?"

"ಭಾಗ್ಯನ ಮನಿಗಿ. ಅಂದು ನೋಡೂದು ಬಿಟ್ಟಿತ್ತು. ನೋಡಿ ಬರ್ತೀನಿ."

"ಹತ್ತು ವರ್ಷ ಆದ ಮ್ಯಾಲ ಏನು ನೋಡ್ತಿ?"

"ಬೀಗತಿ ಜೋಡಿ ಮಾತಾಡ್ತೀನಿ. ಅವ್ರು ಮಾತಾಡೂದಿಲ್ಲ ಖರೆ, ನನಗ ಬರ್ತದಲ್ಲ," ಎಂದಳು ಸುಂದ್ರಮ್ಮ. "ಭಾಗ್ಯನೂ ಒಂದು ವಾರ ನನ್ನ ಜೋಡಿ ಬರ್ತೀನಂದ್ರ, ಕರಕೊಂಡೇ ಬರ್ತೀನಿ. ಆಕಿನ್ನೇ ಕೇಳ್ತೀನಿ."

ಪರಿಮಳಾ ಆಯಿಯ ಆಧಾರ್ ಕಾರ್ಡನ್ನು ಆಕೆಯ ಕೈಗಿಟ್ಟಳು. ಸುಂದ್ರಮ್ಮ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸನ್ನು, ಬಸ್ಸು ಸ್ಟ್ಯಾಂಡ್ ದಾಟುವುದರೊಳಗೇ ಕೇಳಿದಳು:

"ಯವ್ವಾ, ನಿಮ್ಮ ಕಡೆ ಬ್ಯಾಳಿಗಿ ಉಪ್ಪು ಮೊದಲು ಹಾಕ್ತೀರೋ, ಆಮ್ಯಾಲೋ?"