ಎಂಬತ್ತೈದರ ಲೆನ್ಸು

ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಹಿಂದಿರುವ ಸ್ಟುಡಿಯೋಗೆ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಬಂದು ವಾರ ಕಳೆದಿದ್ದರೂ ಅದರಲ್ಲಿ ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಅದಕ್ಕೆ ಲೆನ್ಸೇ ಇರಲಿಲ್ಲ. ಯಾವ ಲೆನ್ಸ್ ತರಿಸಬೇಕು ಎಂದು ಸ್ಟುಡಿಯೋದ ಮಾಲೀಕ ವಿನೋದ್‌ಗೂ ಅವನ ಹತ್ತಿರ ಕೆಲಸ ಮಾಡುವ ಚೌಡೇಶ್ವರಿಗೂ ದಿನಾ ಜಗಳ.

“ಇಪ್ಪತ್ನಾಲ್ಕು ಎಪ್ಪತ್ತರ ಜೂಮ್ ತಗಳಾಣ,” ಎನ್ನುತ್ತಿದ್ದ ವಿನೋದ್. “ಹತ್ರಕ್ಕೂ ಆಗ್ತೈತೆ, ದೂರಕ್ಕೂ ಆಗ್ತೈತೆ. ಜೊತಿಗೆ ಒಂದು ಫ್ಲ್ಯಾಶು.”

“ಆ ಜೂಮು ಎಲ್ರತ್ರನೂ ಐತೆ ಕಣಣ್ಣ. ಮದುವೆ ಹುಡುಗೀರು ಈಗ ಏನ್ ಕೇಳ್ತಾರೆ ಗೊತ್ತೈತಾ? ಹಿಂದೆ ಪೂರ್ತಿ ಬ್ಲರ್ ಬೇಕು ಅಂತಾರೆ. ಸಾಂಬಾರ್ ಬಕೆಟ್ಟು, ಕುರ್ಚಿ ಮೇಲೆ ನಿದ್ದೆ ಹೊಡೆಯೋ ಸೋದರಮಾವ, ಯಾವುದೂ ಕಾಣಬಾರ್ದು.”

ಅವಳಿಗೆ ಬೇಕಾಗಿದ್ದದ್ದು ಎಂಬತ್ತೈದು ಎಂಎಂ, ಒಂದು ಪಾಯಿಂಟ್ ಎರಡರ ಲೆನ್ಸು. ಅದರಲ್ಲಿ ಜೂಮ್ ಇಲ್ಲ. ಆದರೆ ಗಾಜು ಬಟ್ಟಲಿನಷ್ಟು ಅಗಲ. ಕತ್ತಲಲ್ಲೂ ಬೆಳಕನ್ನು ಎಳೆದುಕೊಳ್ಳುತ್ತದೆ. ಪೂರ್ತಿ ತೆರೆದಿಟ್ಟರೆ, ಫೋಕಸ್ ಇಟ್ಟವರೊಬ್ಬರೇ ಸ್ಪಷ್ಟ. ಅವರಿಗಿಂತ ಒಂದು ಮೊಳ ಹಿಂದೆ ನಿಂತವರು ಕರಗಿ ಬಣ್ಣವಾಗಿಬಿಡುತ್ತಾರೆ. ಈ ಲೆನ್ಸಿನ ಬಗ್ಗೆ ಅವಳು ಮೊಬೈಲಿನಲ್ಲಿ ನೋಡದ ವಿಡಿಯೋ ಇರಲಿಲ್ಲ.

ಕೊನೆಗೆ ಲೆನ್ಸಿನ ವಿಷಯದಲ್ಲಿ ಅವಳು ಗೆದ್ದಳು. ಸೋತದ್ದಕ್ಕೆ ವಿನೋದ್ ಕ್ಯಾಮೆರಾದ ಬ್ಯಾಗನ್ನು ತನ್ನಿಷ್ಟದಂತೆ ತರಿಸಿದ. ಗಟ್ಟಿ ಪ್ಲಾಸ್ಟಿಕ್ಕಿನ ಕಪ್ಪು ಪೆಟ್ಟಿಗೆ, ಕೆಳಗೆ ಚಕ್ರ, ಒಳಗೆ ಸ್ಪಂಜು. ನೀರಿಗೆ ಬಿದ್ದರೂ ತೇಲುತ್ತದಂತೆ. ಹೊನ್ನಾಳಿಯಲ್ಲಿ ಯಾವ ಮದುವೆ ನೀರಿನ ಮೇಲೆ ಆಗುತ್ತದೆ ಎಂದು ಚೌಡೇಶ್ವರಿ ಕೇಳಿದಳು. ಲೆನ್ಸು, ಬ್ಯಾಗು ಎರಡೂ ಬಂದಮೇಲೆ ಫ್ಲ್ಯಾಶಿಗೆ ದುಡ್ಡು ಉಳಿಯಲಿಲ್ಲ. ಅದು ಮುಂದಿನ ಸೀಸನ್ನಿಗೆ ಹೋಯಿತು.

ಮೊದಲ ಫೋಟೋ ಮದುಮಕ್ಕಳದ್ದೇ ಆಗಬೇಕು ಎಂಬುದು ವಿನೋದ್‌ನ ಹಟ. ಆದರೆ ಮೊದಲ ಕರೆ ಬಂದದ್ದು ಬಸವಾಪಟ್ಟಣದ ಸಾವಿನ ಮನೆಯಿಂದ. ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಮಲ್ಲಿಕಾರ್ಜುನಪ್ಪ ಬೆಳಗಿನ ಜಾವ ತೀರಿಕೊಂಡಿದ್ದರು. ಮಗ ಅರುಣ್ ಕುಮಾರ್ ಫೋನ್ ಮಾಡಿದ್ದ. ವಿನೋದ್ ಹಳೇ ಕ್ಯಾಮೆರಾ ಹಿಡಿದುಕೊಂಡು ನ್ಯಾಮತಿಯಲ್ಲಿ ಒಂದು ನಾಮಕರಣದಲ್ಲಿದ್ದ.

“ಹೊಸ ಕ್ಯಾಮೆರಾದಾಗೆ ಹೆಣ ತೆಗಿತೀಯೇನೇ?” ಎಂದ ಫೋನಿನಲ್ಲಿ.

“ಲೆನ್ಸಿಗೆ ಸೂತಕ ಇಲ್ಲಣ್ಣ. ದೊಡ್ಡ ಮನೆ. ಇವತ್ತು ಹೋಗ್ಲಿಲ್ಲ ಅಂದ್ರೆ ನಾಳೆ ಅವರ ಮನೆ ಮದುವೆನೂ ಹೋಗ್ತೈತೆ.”

ಅವನು ಫೋನಿಟ್ಟ. ಅವಳು ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟಳು.

ಮನೆಯ ಮುಂದೆ ಶಾಮಿಯಾನ ಹಾಕಿ ಜನ ಕೂತಿದ್ದರು. ಅವಳು ಚಕ್ರದ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಗಡಗಡ ಎಳೆದುಕೊಂಡು ಬಂದಾಗ ಒಬ್ಬ ಮುದುಕಿ, “ಈಗ ತಂದ್ರಾ ಐಸ್ ಪೆಟ್ಟಿಗೆನಾ? ಇನ್ನೇನು ಎತ್ತಾಕೆ ಹೊತ್ತಾತು, ವಾಪಸ್ ತಗಂಡೋಗ್ರವ್ವ,” ಎಂದಳು.

“ಇದು ಕ್ಯಾಮೆರಾ ಅಜ್ಜಿ.”

“ಇಷ್ಟು ದೊಡ್ಡದಾ? ಇದ್ರಾಗೆ ಯಜಮಾನರು ಇಡಿಯಾಗಿ ಹಿಡಿತಾರೆ ಬಿಡು.”

ಯಾರೋ ನಕ್ಕು, ಕೂಡಲೇ ಕೆಮ್ಮಿದರು.

ಲಿಂಗ ಕಟ್ಟುವ ಮನೆತನಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂರಿಸಿಯೇ ಹೂಳುತ್ತಾರೆ. ಮಲ್ಲಿಕಾರ್ಜುನಪ್ಪನವರನ್ನು ಒಳಮನೆಯಲ್ಲಿ ಗೋಡೆಗೆ ಆನಿಸದೆ, ನಡುವೆ ಕುರ್ಚಿಯಲ್ಲಿ ಬಿಗಿದು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಚೆಂಡುಹೂ. ಮನೆಯವರು ಒಬ್ಬೊಬ್ಬರಾಗಿ ಹತ್ತಿರ ಬಂದು ಫೋಟೋ ತೆಗೆಸಿಕೊಳ್ಳುವುದು ರೂಢಿ. ಅದರಲ್ಲಿ ಒಂದನ್ನು ದೊಡ್ಡದು ಮಾಡಿಸಿ ಶಿವಗಣಾರಾಧನೆಯ ದಿನ ಪೂಜೆಗೆ ಇಡುತ್ತಾರೆ, ಆಮೇಲೆ ಅದು ಪಡಸಾಲೆಯ ಗೋಡೆಗೆ ಹೋಗುತ್ತದೆ.

ಒಳಗೆ ಒಂದೇ ಬಲ್ಬು. ಕಿಟಕಿಗೆ ಜನ ಅಡ್ಡ ನಿಂತಿದ್ದರು. ಚೌಡೇಶ್ವರಿ ಬೆನ್ನನ್ನು ಗೋಡೆಗೆ ಒತ್ತಿ ನಿಂತರೂ ಎಂಬತ್ತೈದರ ಲೆನ್ಸಿಗೆ ಜಾಗ ಸಾಲಲಿಲ್ಲ. ಕ್ಯಾಮೆರಾ ನೆಟ್ಟಗೆ ಹಿಡಿದರೆ ಯಜಮಾನರು ಹಿಡಿಯುತ್ತಿದ್ದರು, ಅವರ ಜೊತೆ ಇನ್ನೊಬ್ಬರು. ಅಷ್ಟೇ. ಕತ್ತಲೆಂದು ಲೆನ್ಸನ್ನು ಪೂರ್ತಿ ತೆರೆದಿಟ್ಟಳು. ಫೋಕಸನ್ನು ಯಜಮಾನರ ಮುಖಕ್ಕೆ ಕಟ್ಟಿದಳು. ಚಿತ್ರ ಅವರದ್ದು ತಾನೇ.

ಆಗ ಬಾಗಿಲಲ್ಲಿ ಗದ್ದಲವಾಯಿತು. ಜಗಳೂರಿನಿಂದ ಮಗಳು ಪೂಜಾ ಬಂದಿದ್ದಳು. ಅಲ್ಲಿನ ಶಾಲೆಯಲ್ಲಿ ಟೀಚರು. ಬೇರೆ ಜಾತಿಯ ನಿಂಗರಾಜ್‌ನನ್ನು ಮದುವೆಯಾದಾಗಿನಿಂದ ಈ ಹೊಸ್ತಿಲು ದಾಟಿರಲಿಲ್ಲ. ಗಂಡನನ್ನು ಈಗಲೂ ಒಳಗೆ ಬಿಟ್ಟಿರಲಿಲ್ಲ, ಅವನು ರಸ್ತೆಯಾಚೆ ಟೀ ಅಂಗಡಿಯ ಹತ್ತಿರ ನಿಂತಿದ್ದ. ತಾಯಿ ಕಲ್ಲಮ್ಮ ಗಂಡನ ಕಾಲ ಬಳಿ ಕೂತಲ್ಲಿಂದಲೇ, “ಬರ್ಲಿ ಬಿಡೋ, ಹೆಂಗಾರ ಬಂದೈತೆ,” ಎಂದು ಮಗನಿಗೆ ಹೇಳಿದರು. ಅರುಣ್ ಕುಮಾರ್ ದಾರಿ ಬಿಟ್ಟ.

ಪೂಜಾ ಅಪ್ಪನ ಕಡೆ ನೋಡಿ, ಆಮೇಲೆ ಸೀದಾ ಚೌಡೇಶ್ವರಿಯ ಹತ್ತಿರ ಬಂದಳು.

“ಅಕ್ಕ, ಅಪ್ಪಂದೂ ನಂದೂ ಒಂದು ತೆಗೀರಿ. ನಮ್ಮಿಬ್ರುದೂ ಒಂದೂ ಇಲ್ಲ. ಇದ್ದಿದ್ದೆಲ್ಲ ಅಣ್ಣ ಸುಟ್ಟು ಹಾಕಿದ. ಇದು ತಪ್ಪಿದ್ರೆ ಮುಗೀತು.”

“ಹೋಗಿ ನಿಂತ್ಕಳ್ರಿ.”

ಕುರ್ಚಿಯ ಒಂದು ಪಕ್ಕ ಕಲ್ಲಮ್ಮ, ಇನ್ನೊಂದು ಪಕ್ಕ ಹೂವಿನ ಬುಟ್ಟಿ. ಪೂಜಾ ಕುರ್ಚಿಯ ಹಿಂದೆ ಹೋಗಿ, ಅಪ್ಪನ ಭುಜದ ಮೇಲಿಂದ ಮುಖ ಕಾಣುವಂತೆ ಬಗ್ಗಿದಳು. ಮುಟ್ಟಲಿಲ್ಲ. ಚೌಡೇಶ್ವರಿ ಬಟನ್ ಒತ್ತಿ ಹಿಡಿದಳು. “ಸಾಕು ಬಾರೇ, ಹೊತ್ತಾತು,” ಎಂದು ಅರುಣ್ ಕುಮಾರನ ದನಿ ಕೇಳಿತು. ಪೂಜಾಳ ಬಾಯಿ ತೆರೆದುಕೊಂಡಿತು. ಒಳ್ಳೇ ಎಕ್ಸ್‌ಪ್ರೆಶನ್ ಎಂದುಕೊಂಡು ಚೌಡೇಶ್ವರಿ ಇನ್ನೂ ನಾಲ್ಕಾರು ಒತ್ತಿದಳು. ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ಮಧ್ಯಾಹ್ನ ಮಣ್ಣು ಮಾಡಿದರು.

ಸಂಜೆ ಸ್ಟುಡಿಯೋದಲ್ಲಿ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದಾಗ ವಿನೋದ್ ಪಕ್ಕದಲ್ಲೇ ಇದ್ದ. ದೊಡ್ಡದು ಮಾಡಿದ ಕೂಡಲೇ ಇಬ್ಬರೂ ಪರದೆಯ ಕಡೆ ಬಗ್ಗಿದರು.

ಯಜಮಾನರ ಮುಖ ಭಯಂಕರ ಸ್ಪಷ್ಟವಾಗಿತ್ತು. ವಿಭೂತಿಯ ಒಂದೊಂದು ಕಣ, ಮೂಗಿನಲ್ಲಿಟ್ಟ ಹತ್ತಿಯ ನೂಲು, ಗದ್ದದಲ್ಲಿ ಕ್ಷೌರ ತಪ್ಪಿದ ಬಿಳಿ ಕೂದಲು, ರೆಪ್ಪೆಯ ಸಂದಿಯಲ್ಲಿ ಒಣಗಿದ ನೀರು. ಅವರ ಹಿಂದೆ ಮುಖವಿಲ್ಲದ ಒಂದು ಹೆಂಗಸು. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಕಲೆ, ಬಾಯಿಯ ಜಾಗದಲ್ಲಿ ಒಂದು. ಒದ್ದೆ ಬಟ್ಟೆಯಿಂದ ಯಾರೋ ಒರೆಸಿದಂತೆ.

“ಇನ್ನೊಂದು ನೋಡು,” ಎಂದ ವಿನೋದ್.

ಇನ್ನೊಂದೂ ಹಾಗೇ. ಅದರ ಮುಂದಿನದೂ ಹಾಗೇ, ಅಲುಗಾಡಿ ಇನ್ನಷ್ಟು ಹಾಳಾಗಿತ್ತು. ಮತ್ತೆ ತೆಗೆಯೋಣ ಅನ್ನಲು ಅಪ್ಪ ಮಣ್ಣಿನ ಕೆಳಗಿದ್ದರು.

“ಫ್ಲ್ಯಾಶ್ ಇದ್ದಿದ್ರೆ ಲೆನ್ಸ್ ಸ್ವಲ್ಪ ಮುಚ್ಚಬಹುದಿತ್ತು. ಇಬ್ರೂ ಬರ್ತಿದ್ರು,” ಎಂದಳು.

“ಬ್ಲರ್ ಬೇಕು ಅಂದಿದ್ದು ಯಾರು?”

“ಚಕ್ರದ ಪೆಟ್ಟಿಗೆ ತಂದಿದ್ದು ಯಾರು?”

ಅವಳು ಬಟನ್ ಒತ್ತುತ್ತಲೇ ಹೋದಳು. ಒಂದೇ ಒಂದು ಚಿತ್ರದಲ್ಲಿ ಫೋಕಸ್ ಜಿಗಿದಿತ್ತು. ಕ್ಯಾಮೆರಾ ಅವಳ ಮಾತು ಮೀರಿ, ತೆರೆದಿದ್ದ ಕಣ್ಣನ್ನು ಹುಡುಕಿಕೊಂಡು ಹೋಗಿತ್ತು. ಅದರಲ್ಲಿ ಅಪ್ಪ ಬೂದಿ ಮತ್ತು ಹಳದಿಯ ಮುದ್ದೆ. ಪೂಜಾ ಸ್ಪಷ್ಟ.

ಅವಳ ತೋಳಿನ ಮೇಲೆ ಒಂದು ಕೈ ಇತ್ತು. ಚಿತ್ರದ ಅಂಚಿನಿಂದ ಬಂದ ಗಂಡಸಿನ ಕೈ. ಮಣಿಕಟ್ಟಿನಲ್ಲಿ ದಪ್ಪ ವಾಚು, ಬೆರಳಲ್ಲಿ ನಂದಿಯ ಉಂಗುರ. ಬೆರಳುಗಳು ರವಿಕೆಯ ತೋಳಿನ ಕೆಳಗೆ ಮಾಂಸದೊಳಗೆ ಇಳಿದಿದ್ದವು. ಸುತ್ತಲಿನ ಚರ್ಮ ಬೆಳ್ಳಗಾಗಿತ್ತು. ಪೂಜಾ ಅಳುತ್ತಿರಲಿಲ್ಲ. ನೋವಿಗೆ ಬಾಯಿ ಬಿಟ್ಟಿದ್ದಳು.

“ಶಿವನೇ,” ಎಂದ ವಿನೋದ್. ಆ ಉಂಗುರವನ್ನು ಅರುಣ್ ಕುಮಾರನ ಬೆರಳಲ್ಲಿ ಅವನೂ ನೋಡಿದ್ದ.

ಚೌಡೇಶ್ವರಿ ಎದ್ದು ಹೊರಗೆ ಹೋಗಿ ನಿಂತಳು. ಏಳೆಂಟು ಅಡಿ ದೂರದಿಂದ, ಇಷ್ಟು ದುಬಾರಿ ಗಾಜಿನೊಳಗಿಂದ, ಇದನ್ನು ನೋಡುತ್ತಲೇ ಇದ್ದೆನಲ್ಲ ಎಂದುಕೊಂಡಳು.

ಎರಡು ದಿನ ಬಿಟ್ಟು ಅರುಣ್ ಕುಮಾರ್ ಫೋಟೋ ಆರಿಸಲು ಬಂದ. ವಿನೋದ್ ಕೈಯ ಚಿತ್ರವನ್ನು ಮರೆಮಾಡಿ ಉಳಿದವನ್ನು ತೋರಿಸಿದ. ಅಪ್ಪನ ಒಬ್ಬಂಟಿ ಚಿತ್ರಗಳು ಬೇಕಾದಷ್ಟಿದ್ದವು. ಅರುಣ್ ಕುಮಾರ್ ಅವನ್ನೆಲ್ಲ ದಾಟಿ, ಒರೆಸಿಹೋದ ಪೂಜಾ ಇದ್ದ ಚಿತ್ರದ ಹತ್ತಿರ ನಿಂತ. ಚೌಡೇಶ್ವರಿ ಬೈಗುಳಕ್ಕೆ ಸಿದ್ಧಳಾದಳು.

“ಅದು ಲೆನ್ಸ್ ತಪ್ಪು ರೀ,” ಎಂದಳು. “ನಂದೇ ತಪ್ಪು. ಪೂಜಾ ಅವ್ರು ಕಾಣ್ತಿಲ್ಲ.”

“ತಪ್ಪು ಯಾಕೆ? ಚೆಂದ ಬಂದೈತಲ್ಲ. ಅಪ್ಪಾರು ಮಾತಾಡಂಗೆ ಅದಾರೆ.” ಅವನು ಪರದೆಯನ್ನು ಉಗುರಿನಿಂದ ತಟ್ಟಿದ. “ಇದೇ ಇರ್ಲಿ. ಇಪ್ಪತ್ತು ಮೂವತ್ತು ಸೈಜು, ಗೋಲ್ಡನ್ ಫ್ರೇಮು. ಆರಾಧನೆಗೆ ಇದನ್ನೇ ಇಡ್ತೀನಿ.”

“ಹಿಂದೆ ಅವ್ರು ಹಿಂಗೆ ಇದ್ದಾರಲ್ಲ…”

“ಇರ್ಲಿ ಅಂತಾನೇ ಹೇಳಿದ್ದು. ಕಟ್ ಮಾಡಬ್ಯಾಡ್ರಿ. ತಂಗೀನ ಬರಾಕೇ ಬಿಡಲಿಲ್ಲ ಅಂತ ನಾಳೆ ನೆಂಟರು ಬಾಯಿಗೆ ಬಂದಂಗೆ ಆಡ್ತಾರೆ. ಬಂದಿದ್ಲು ನೋಡ್ರಿ, ಇಲ್ಲೇ ನಿಂತಾಳೆ ಅಂತ ತೋರಿಸ್ತೀನಿ. ಬಂದಾಳೆ. ಮುಖ ಇಲ್ಲ, ಅಷ್ಟೆ.”

ಅವನು ತಮಾಷೆ ಮಾಡುತ್ತಿರಲಿಲ್ಲ. ಖುಷಿಯಾಗಿದ್ದ. ಚೌಡೇಶ್ವರಿಗೆ ಬೈಗುಳವೇ ವಾಸಿ ಅನ್ನಿಸಿತು. ತನ್ನ ತಪ್ಪು ಇವನಿಗೆ ಇಷ್ಟು ಸರಿಯಾಗಿ ಹೊಂದುತ್ತದೆ ಎಂದು ಅವಳು ಎಣಿಸಿರಲಿಲ್ಲ.

“ಯಾವ ಲೆನ್ಸವ್ವ ಇದು?” ಎಂದು ಕೇಳಿದ. ಹೇಳಿದಳು. “ನಮ್ಮ ನಾದಿನಿ ಕಾವ್ಯಶ್ರೀ ಮದುವೆಗೂ ಇದನ್ನೇ ತರ್ರಿ. ಉಳಿದಿದ್ದೆಲ್ಲ ಅಳಿಸಿಬಿಡ್ರಿ, ನಮ್ಮನೆ ಚಿತ್ರ ಅಲ್ಲಿ ಇಲ್ಲಿ ಇರಬಾರ್ದು.”

“ಆಗ್ಲಣ್ಣ, ಈಗ್ಲೇ,” ಎಂದ ವಿನೋದ್.

ಅವನು ಹೋದಮೇಲೆ ವಿನೋದ್ ಮೌಸ್ ಮೇಲೆ ಕೈ ಇಟ್ಟು ಹಾಗೇ ಕೂತಿದ್ದ. “ನಾನು ಟೀ ಕುಡ್ಕಂಡು ಬರ್ತೀನಿ,” ಎಂದು ಎದ್ದ. “ನೀನೇ ಅಳಿಸು.”

ಅವಳು ಅಳಿಸಲಿಲ್ಲ. ಅವಳು ಅಳಿಸುವುದಿಲ್ಲವೆಂದು ಗೊತ್ತಿದ್ದೇ ಅವನು ಹೋಗಿದ್ದ. ವಾಪಸ್ ಬಂದಮೇಲೂ ಅಳಿಸಿದೆಯಾ ಎಂದು ಕೇಳಲಿಲ್ಲ.

ಭಾನುವಾರ ಚೌಡೇಶ್ವರಿ ತನ್ನೂರು ಸೊಕ್ಕೆಗೆ ಹೋಗುವ ದಾರಿಯಲ್ಲಿ ಜಗಳೂರಿನಲ್ಲಿ ಇಳಿದಳು. ಪೂಜಾಳ ಬಾಡಿಗೆ ಮನೆ ಶಾಲೆಯ ಹಿಂದಿನ ಬೀದಿಯಲ್ಲಿತ್ತು. ನಿಂಗರಾಜ್ ಬಾಗಿಲು ತೆಗೆದ. ಪೂಜಾ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ಓಡಿ ಬಂದಳು.

“ಬಂತಾ ಅಕ್ಕ?”

ಎರಡು ಪ್ರಿಂಟು ತಂದಿದ್ದಳು. ಮೊದಲನೆಯದನ್ನು ಕೊಟ್ಟಳು. ಪೂಜಾ ಅಪ್ಪನ ಮುಖ ನೋಡಿದಳು. ಆಮೇಲೆ ತನ್ನನ್ನು ಹುಡುಕಿದಳು. ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದಳು.

“ಇದು ನಾನಾ?”

“ಫೋಕಸ್ ತಪ್ಪೈತೆ. ನಂದೇ ತಪ್ಪು.”

“ಒಂದು ತೆಗಿಯಾಕೆ ಹೇಳಿದ್ನಲ್ರೀ ನಾನು. ಒಂದು.” ದನಿ ಏರಲಿಲ್ಲ. “ಅಣ್ಣ ದುಡ್ಡು ಕೊಟ್ನಾ ಹಿಂಗೆ ತೆಗೀರಿ ಅಂತ?”

“ಇಲ್ಲ. ಆದ್ರೆ ಅವ್ರಿಗೆ ಇದೇ ಇಷ್ಟ ಆಗೈತೆ. ಆರಾಧನೆಗೆ ಇದನ್ನೇ ದೊಡ್ಡದು ಮಾಡ್ಸಿದಾರೆ.”

ಪೂಜಾ ನೆಲದ ಮೇಲೆ ಕೂತುಬಿಟ್ಟಳು. ಚೌಡೇಶ್ವರಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಎರಡನೆಯ ಪ್ರಿಂಟನ್ನು ಕೊಡಬೇಕೋ ಬೇಡವೋ ಎಂದು ನಿಂತಳು. ನಿಂಗರಾಜ್ ಅವಳ ಕೈಯಿಂದ ತಾನೇ ತೆಗೆದುಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವಳ ರವಿಕೆಯ ತೋಳನ್ನು ಮೇಲೆತ್ತಿದ. ಅಲ್ಲಿ ನಾಲ್ಕು ಕಲೆಗಳು ಹಸಿರಿಗೆ ತಿರುಗಿದ್ದವು.

“ಬಾಗಿಲು ಬಡೀತು ಅಂದಿದ್ಯಲ್ಲ,” ಎಂದ.

ಪೂಜಾ ಪ್ರಿಂಟ್ ಕಿತ್ತುಕೊಂಡಳು. ಆ ಕೈಯನ್ನು ನೋಡಿ ಅವಳ ಮುಖವೇ ಬೇರೆಯಾಯಿತು. ಎಳೆದದ್ದು ಗೊತ್ತಿತ್ತು. ಹೇಗೆ ಕಾಣುತ್ತದೆಂದು ಗೊತ್ತಿರಲಿಲ್ಲ.

“ಇದನ್ನ ಯಾಕೆ ತಂದ್ರಿ?”

“ನಿಮ್ಮ ಮುಖ ಇರೋದು ಇದೊಂದ್ರಾಗೇ. ಅಪ್ಪಾರ ಮುಖ ಅದ್ರಿಂದ ತಂದು ಇದ್ರಾಗೆ ಕೂರಿಸಬಹುದು. ಎರಡೂ ಅಲ್ಲೇ ತೆಗೆದಿದ್ದು, ಒಂದೇ ನಿಮಿಷದಾಗೆ. ಸುಳ್ಳೇನಲ್ಲ.” ಅವಳು ಒಂದು ಕ್ಷಣ ತಡೆದಳು. “ಆ ಕೈನೂ ತೆಗೀಬಹುದು. ಗುರುತು ಸಿಗಲ್ಲ.”

ಪೂಜಾ ಎರಡೂ ಪ್ರಿಂಟುಗಳನ್ನು ನೆಲದ ಮೇಲೆ ಪಕ್ಕಪಕ್ಕ ಇಟ್ಟು, ಅಪ್ಪನ ಸ್ಪಷ್ಟ ಮುಖವನ್ನೂ ತನ್ನ ಸ್ಪಷ್ಟ ಮುಖವನ್ನೂ ಒಂದೊಂದಾಗಿ ನೋಡಿದಳು. ಅಷ್ಟು ಹೊತ್ತೂ ನಿಂಗರಾಜ್ ಅವಳ ತೋಳನ್ನು ಬಿಟ್ಟಿರಲಿಲ್ಲ. ಅವಳೇ ಬಿಡಿಸಿಕೊಂಡಳು.

“ಅಪ್ಪನ್ನ ಕೂರಿಸ್ರಿ,” ಎಂದಳು. “ಕೈ ಹಂಗೇ ಇರ್ಲಿ.”

“ಇರ್ಲಾ?”

“ಉಂಗುರ ಚೆನ್ನಾಗಿ ಕಾಣ್ಬೇಕು. ಅಣ್ಣ ಎಷ್ಟು ದೊಡ್ಡದು ಹೇಳಿದಾನೆ?”

“ಇಪ್ಪತ್ತು ಮೂವತ್ತು.”

“ನಂಗೂ ಅಷ್ಟೇ ಮಾಡ್ರಿ. ಆರಾಧನೆ ಶುಕ್ರವಾರ ಐತೆ. ಅವತ್ತು ಬೆಳಿಗ್ಗೆ ನಾನೇ ಹೊನ್ನಾಳಿಗೆ ಬಂದು ತಗಂಡು, ಅಲ್ಲಿಂದ ಹಂಗೇ ಬಸವಾಪಟ್ಟಣಕ್ಕೆ ಹೋಗ್ತೀನಿ.”

“ಒಬ್ಳೇ ಹೋಗಲ್ಲ ನೀನು,” ಎಂದ ನಿಂಗರಾಜ್.

ಪೂಜಾ ಚೌಡೇಶ್ವರಿಯನ್ನು ನೋಡಿ, “ಕೂತ್ಕಳ್ರಿ, ಟೀ ಇಡ್ತೀನಿ,” ಎಂದು ಒಳಗೆ ಹೋದಳು. ಒಳಗೆ ಪಾತ್ರೆಯೊಂದು ಜೋರಾಗಿ ಕೆಳಗೆ ಬಿತ್ತು. ಚೌಡೇಶ್ವರಿ ಮೊಬೈಲ್ ತೆಗೆದು, ಅರುಣ್ ಕುಮಾರನ ನಾದಿನಿ ಮದುವೆಯ ಆರ್ಡರ್ ಮರೆತುಬಿಡು ಎಂದು ವಿನೋದ್‌ಗೆ ಮೆಸೇಜ್ ಬರೆಯತೊಡಗಿದಳು.