ಸೇತುವೆಯ ಬದಿಗೊಂದು ಕಾಲುದಾರಿ

ನನ್ನ ತಮ್ಮ ತೀರಿಹೋದ ಸುದ್ದಿ ನಮಗೆ ಮುಟ್ಟಿದ್ದು ದರ್ಜಿಯಿಂದ. ರಿಪೇರಿಗೆ ಕೊಟ್ಟ ಸೈಕಲ್ಲಿಗಾಗಿ ಆತ ತಮ್ಮನ ಅಂಗಡಿಯ ಬೆಂಚಿನ ಮೇಲೆ ಕಾದಿದ್ದ. ತಮ್ಮನದೊಂದು ಪದ್ಧತಿ: ಯಾರ ಸೈಕಲ್ಲೇ ಆಗಲಿ, ಸೇತುವೆಯ ಆಚೆ ತುದಿಯವರೆಗೆ ತಾನೇ ಓಡಿಸಿ ನೋಡದೆ ಕೈಗೆ ಕೊಡುತ್ತಿರಲಿಲ್ಲ. ಆ ದಿನವೂ ಹಾಗೆಯೇ ಹೋದ. ಎಷ್ಟು ಹೊತ್ತಾದರೂ ಬಾರದಿದ್ದಾಗ ದರ್ಜಿ ಹುಡುಕಿಕೊಂಡು ಹೊರಟ. ಹಿಂತಿರುಗಿದವನು ನಮ್ಮ ಹೊಸ್ತಿಲಲ್ಲಿ ಕುಸಿದು ಕುಳಿತ. ಲಾರಿಗೆ ದಾರಿ ಬಿಡಲು ತಮ್ಮ ಸೇತುವೆಯ ಅಂಚಿಗೆ ಸರಿದಿದ್ದನಂತೆ. ಸರಿಯಲು ಅಲ್ಲಿ ಜಾಗವೇ ಇರಲಿಲ್ಲ.

ನಾವು ಚಿಕ್ಕವರಿದ್ದಾಗ ಆ ಸೇತುವೆಗೆ ಮರದ ಹಲಗೆಯ ಕಾಲುದಾರಿಯಿತ್ತು. ತಮ್ಮನ ಕೈಹಿಡಿದು ಶಾಲೆಗೆ ಕರೆದೊಯ್ಯುತ್ತಿದ್ದೆ. ಹಲಗೆಗಳ ಸಂದಿಯಲ್ಲಿ ನೀರು ನೋಡುತ್ತಾ ನಿಂತುಬಿಡುತ್ತಿದ್ದ. ಗದರಿ ಎಳೆದುಕೊಂಡು ಹೋಗಬೇಕಿತ್ತು. ಸಂಜೆ ಹಿರಿಯರು ಕಂಬಿಗೆ ಒರಗಿ ಊರ ಸುದ್ದಿಯೆಲ್ಲ ಮಾತಾಡುತ್ತಿದ್ದರು. ಮುಂದೆ ಲಾರಿಗಳು ಹೆಚ್ಚಿದವು, ರಸ್ತೆ ಅಗಲವಾಯಿತು, ಹಲಗೆಗಳು ಹೋದವು. ಜನ ಅಲ್ಲಿ ನಡೆಯುವುದನ್ನೇ ಬಿಟ್ಟರು.

ತಮ್ಮನ ಮಗಳ ಶಾಲೆ ಸೇತುವೆಯ ಆಚೆ. ಬಸ್ಸು ನಮ್ಮ ದಡಕ್ಕೆ ಬರುತ್ತಿರಲಿಲ್ಲ. ಅಪ್ಪನೇ ಜೋಡಿಸಿಕೊಟ್ಟ ಸೈಕಲ್ಲಿನಲ್ಲಿ, ಅಪ್ಪನ ಬೆನ್ನ ಹಿಂದೆಯೇ ಅವಳು ಹೋಗಿಬರುತ್ತಿದ್ದಳು. ಅವನು ಹೋದ ಮೇಲೆ ಅವಳ ತಾಯಿ ಆ ಸೈಕಲ್ಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಳು. ಓದಿದ್ದು ಸಾಕು, ಮಗಳು ಉಳಿದರೆ ಸಾಕು ಎಂದಳು.

ಆಸ್ಪತ್ರೆಯ ನರ್ಸಮ್ಮ ತಮ್ಮನ ಅಂಗಡಿಯ ಹಳೆಯ ಗಿರಾಕಿ. ಒಂದು ಭಾನುವಾರ ಮನೆಗೆ ಬಂದರು. ಕಾಲುದಾರಿ, ಸೈಕಲ್ ದಾರಿ, ಊರೂರು ಬೆಸೆಯುವ ಬಸ್ಸು, ಇವಕ್ಕೆಲ್ಲ ಸರಕಾರ ಅನುದಾನ ಕೊಡುತ್ತದೆ, ಅದು ಸಾಲವಲ್ಲ, ತೀರಿಸಬೇಕಿಲ್ಲ, ಆದರೆ ಪುರಸಭೆ ಕೇಳಬೇಕು, ಕೇಳುವ ಮುನ್ನ ಜನರ ಸಭೆ ಕರೆಯುತ್ತಾರೆ, ನಾವು ಹೋಗಿ ಹೇಳಬೇಕು ಎಂದು ತಿಳಿಸಿದರು.

ಅಲ್ಲೇ ಕುಳಿತಿದ್ದ ದರ್ಜಿ ತಲೆಯಾಡಿಸಿದ. "ನಡೆಯೋಕೂ ಅನುದಾನವಾ ನರ್ಸಮ್ಮ? ನಾಳೆ ಸೀನೋಕೂ ಕೊಡ್ತಾರೇನೋ."

ಹಿಂದೊಮ್ಮೆ ಕೇಳಿಯೂ ಆಗಿತ್ತು ಎಂದ. ಆಗ ನಡೆದು ದಾಟುವವರನ್ನು ಎಣಿಸುವವರು ಬಂದು ಸೇತುವೆಯ ಬಾಯಲ್ಲಿ ದಿನವಿಡೀ ಕುಳಿತಿದ್ದರು. ನಮ್ಮವರೆಲ್ಲ ಎಂದಿನಂತೆ ಗಿರಣಿಯ ಟೆಂಪೋ ಹತ್ತಿ ದಾಟಿದರು. ಇಲ್ಲಿ ನಡೆಯುವವರೇ ಇಲ್ಲ, ದಾರಿ ಯಾರಿಗೆ ಎಂದು ಬಂದವರು ಬರೆದುಕೊಂಡು ಹೋದರು.

"ಹೆದರಿಕೊಂಡು ನಡೀತಿಲ್ಲ ಅಂತ ನಿಮ್ಮಲ್ಲಿ ಒಬ್ಬರಾದ್ರೂ ಅಂದ್ರಾ?" ಎಂದರು ನರ್ಸಮ್ಮ.

ಯಾರೂ ಅಂದಿರಲಿಲ್ಲ.

ತಮ್ಮನ ಹೆಂಡತಿ ನನ್ನ ಕಡೆ ತಿರುಗಿ, "ದಾರಿ ಬಂದ್ರೆ ಅವರು ಬರ್ತಾರಾ ಭಾವ?" ಎಂದಳು. ನರ್ಸಮ್ಮ ಅವಳ ಪಕ್ಕಕ್ಕೆ ಸರಿದು ಕುಳಿತರು.

"ಬರಲ್ಲ ಕಣಮ್ಮ. ಆದ್ರೆ ನಿನ್ನ ಮಗಳು ಹೋಗಿ ವಾಪಸ್ ಬರ್ತಾಳೆ."

ಸಭೆಯಲ್ಲಿ ನಾನು ಮಾತಾಡುವುದೆಂದು ಆಗಿತ್ತು. ಆದರೆ ನನಗಿಂತ ಮುಂಚೆ ಎದ್ದು ನಿಂತವಳು ತಮ್ಮನ ಹೆಂಡತಿ.

"ನಾವು ನಡೆಯೋ ಜನಾನೇ ಸ್ವಾಮಿ. ಜಾಗ ಇಲ್ದೆ ನಡೀತಿಲ್ಲ. ಟೆಂಪೋ ಒಳಗೆ ಕೂತಿರೋರನ್ನ ಎಣಿಸಿ."

"ನನ್ನೂ ಸೇರಿಸ್ಕೊಳ್ಳಿ," ಎಂದು ದರ್ಜಿ ಎದ್ದ. ಅವನ ಹಿಂದೆ ಇಡೀ ಕೋಣೆಯೇ ಎದ್ದಿತು.

ಕಾಯಬೇಕಾಯಿತು, ಆದರೆ ಅನುದಾನ ಬಂದಿತು. ಸೇತುವೆಗೆ ಕಂಬಿಯಿರುವ ಕಾಲುದಾರಿ ಆಯಿತು, ಅದರ ಪಕ್ಕದಲ್ಲೇ ಸೈಕಲ್ ದಾರಿ. ಬಸ್ಸು ಈ ದಡಕ್ಕೂ ಬರತೊಡಗಿತು. ದಾರಿ ತೆರೆದ ದಿನ ತಮ್ಮನ ಹೆಂಡತಿ ಹಿಟ್ಟಿನ ಡಬ್ಬಿಯಿಂದ ಬೀಗದ ಕೈ ತೆಗೆದಳು. ಮಗಳಿಗೆ ತಕ್ಷಣ ಕೊಡಲಿಲ್ಲ. ಸೈಕಲ್ ಓಡಿಸಲು ಬಾರದವಳು ಅದನ್ನು ತಳ್ಳಿಕೊಂಡು ಸೇತುವೆಯ ಆಚೆ ತುದಿಯವರೆಗೆ ಹೋಗಿ, ನೋಡಿ, ಮರಳಿ ಬಂದು, ಆಮೇಲೆ ಮಗಳ ಕೈಗಿತ್ತಳು.

ಓದುವ ಬಂಧುಗಳೇ, ನಿಮ್ಮೂರಿನಲ್ಲಿ ಜನ ನಡೆಯಲು ಹೆದರುವ ಜಾಗ ಯಾವುದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಸಭೆ ಕರೆದರೆ ಹೋಗಿ. ಕರೆಯದಿದ್ದರೆ ಕರೆಯಿರೆಂದು ಕೇಳಿ. ಅನುದಾನ ನಮ್ಮೆಲ್ಲರ ತೆರಿಗೆಯ ಹಣ, ಸಂಕೋಚ ಬೇಡ. ಹೆದರಿಕೆಯನ್ನು ಬಾಯಿಬಿಟ್ಟು ಹೇಳಿ. ನಮ್ಮ ಹಾಗೆ ಮನೆಯವರನ್ನು ಕಳೆದುಕೊಂಡ ಮೇಲೆ ಹೇಳುವಂತಾಗದಿರಲಿ.

ಭಗವಂತಾ, ಇನ್ನೊಬ್ಬರ ಸೈಕಲ್ ಸರಿಮಾಡಿ ಹೊರಟ ನನ್ನ ತಮ್ಮನನ್ನು ನಿನ್ನ ಬಳಿ ಇರಿಸಿಕೋ. ದಾರಿಯಲ್ಲಿ ನೀರು ನೋಡುತ್ತಾ ನಿಂತರೆ ಗದರಬೇಡ, ನಿಲ್ಲಲು ಬಿಡು. ಅವನ ಆತ್ಮಕ್ಕೆ ಶಾಂತಿ ಕೊಡು.